ಹಾದಿಯಲ್ಲಿದ್ದವನ ರೊಟ್ಟಿ

ಈ ತಿಂಗಳ ಸಮುದ್ರಕ್ಕೆ ಏನು ಮಾಡುವುದೆಂದು ಭಾನುಪ್ರಕಾಶನಿಗೆ ಹೊಳೆಯಲಿಲ್ಲ. ಬೆಳಗಿನ ಆರರ ಪಾಳಿ ಶುರುವಾಗಿ ಇಪ್ಪತ್ತು ನಿಮಿಷವಾಗಿತ್ತು. ಪೀಣ್ಯ ಎರಡನೇ ಹಂತದ ಆ ಶೆಡ್ಡಿನಲ್ಲಿ ಒಂಬತ್ತು ಲೇತುಗಳು ಒಂದೇ ಸಮನೆ ಕೊರೆಯುತ್ತಿದ್ದವು. ಅವನ ಮೇಜಿನ ಮೇಲೆ ಹಿಂದಿನ ಪಾಳಿಯವರು ಬಿಟ್ಟುಹೋದ ಹಿತ್ತಾಳೆಯ ಬುಷ್‌ಗಳು ನಾಲ್ಕು ಟ್ರೇ ತುಂಬ ಕೂತಿದ್ದವು. ಗೇಜು ಎಂಬ ಎರಡು ತುದಿಯ ಉಕ್ಕಿನ ಕಡ್ಡಿಯನ್ನು ಒಂದೊಂದು ಬುಷ್ಷಿನ ತೂತಿಗೂ ಇಟ್ಟು ನೋಡುವುದು ಅವನ ಕೆಲಸ. ಹಸಿರು ತುದಿ ಒಳಗೆ ಹೋಗಬೇಕು, ಕೆಂಪು ತುದಿ ಹೋಗಬಾರದು. ಇಷ್ಟು ಸರಳವಾದ ಕೆಲಸ ಪ್ರಪಂಚದಲ್ಲಿ ಇನ್ನೊಂದಿಲ್ಲ ಎಂದು ಅವನಿಗೆ ದಿನವೂ ಅನ್ನಿಸುತ್ತಿತ್ತು, ಆದರೂ ಐವತ್ಮೂರನೇ ವಯಸ್ಸಿನಲ್ಲಿ ಬೇರೆ ಕೆಲಸ ಸಿಕ್ಕಿರಲಿಲ್ಲ. ಸಮುದ್ರದ ಬಗ್ಗೆ ಹೋದ ತಿಂಗಳೇ ಪತ್ರಿಕೆಗೆ ಬರೆದಾಗಿತ್ತು. ಅದರ ಹಿಂದಿನ ತಿಂಗಳು ಮರಳುಗಾಳಿ. ಸಂಜೆಯೊಳಗೆ ಎರಡು ಪುಟ ತುಮಕೂರಿಗೆ ಕಳಿಸಬೇಕು, ಕಳಿಸಿದ ಮೇಲೆ ಅಲ್ಲಿನ ಮಾಸಪತ್ರಿಕೆಯಲ್ಲಿ ‘ಕಡಲಾಚೆಯ ಕಾಗದ’ ಎಂಬ ತಲೆಬರಹದ ಕೆಳಗೆ, ಒಂದು ಒಂಟೆಯ ಚಿತ್ರದ ಪಕ್ಕದಲ್ಲಿ, ‘ಸಮುದ್ರಸಾಕ್ಷಿ, ಒಮಾನ್’ ಎಂಬ ಹೆಸರಿನಲ್ಲಿ ಅದು ಅಚ್ಚಾಗುತ್ತದೆ. ಒಮಾನಿನ ಸೋಹಾರ್ ಎಂಬಲ್ಲಿ ಅಲ್ಯೂಮಿನಿಯಂ ಫ್ಯಾಕ್ಟರಿಯೊಂದರಲ್ಲಿ ಅವನು ಹತ್ತೊಂಬತ್ತು ವರ್ಷ ಇದ್ದ. ಅಷ್ಟು ವರ್ಷದಲ್ಲಿ ಒಂಟೆಯನ್ನು ಕಂಡದ್ದು ಎರಡು ಸಲ, ಎರಡೂ ಸಲ ಬಸ್ಸಿನ ಕಿಟಕಿಯಿಂದ. ಫ್ಯಾಕ್ಟರಿ ಮುಚ್ಚಿ ಅವನು ಮಾಕಳಿಯ ಮನೆಗೆ ವಾಪಸು ಬಂದು ಹದಿನಾಲ್ಕು ತಿಂಗಳಾಯಿತು. ಕಾಗದ ಮಾತ್ರ ವಾಪಸು ಬಂದಿರಲಿಲ್ಲ.

ಬಂದ ಹೊಸತರಲ್ಲಿ ಸಂಪಾದಕರಾದ ರಾಮಾಂಜಿನಪ್ಪನವರಿಗೆ ಹೇಳಿಬಿಡಬೇಕೆಂದೇ ಇದ್ದ. ಫೋನು ಮಾಡಿದ್ದ ಕೂಡ. ಆದರೆ ಅವನ ವಾಟ್ಸ್ಯಾಪು ಇನ್ನೂ ಆ ದೇಶದ ನಂಬರಿನಲ್ಲೇ ಇತ್ತು, ಅವರು ಎತ್ತಿದವರೇ, “ಏನು ಸಾರ್, ಬಿಸಿಲು ಹೆಂಗಿದೆ ಅಲ್ಲಿ?” ಎಂದರು. ಬಿಸಿಲು ಇದ್ದದ್ದು ನಿಜ. “ಜೋರಾಗಿದೆ” ಎಂದ. ಸುಳ್ಳು ಹೇಳಿದ್ದು ಅಷ್ಟೇ, ಅದರಲ್ಲೂ ಸುಳ್ಳಿರಲಿಲ್ಲ. ಇನ್ನೊಮ್ಮೆ ಅವರೊಂದಿಗೆ ಮಾತಾಡುವಾಗ ಕಸದ ಆಟೊ ತನ್ನ ಹಾಡು ಹಾಕಿಕೊಂಡು ಮನೆ ಮುಂದೆಯೇ ಬಂದು ನಿಂತಿತು. ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಕನ್ನಡದಲ್ಲಿ ಕೂಗಿತು. “ಇಲ್ಲಿನ ಕನ್ನಡ ಸಂಘದವರ ಸ್ವಚ್ಛತಾ ಕಾರ್ಯಕ್ರಮ” ಎಂದುಬಿಟ್ಟ. ರಾಮಾಂಜಿನಪ್ಪನವರು, ಪರದೇಶದಲ್ಲಿದ್ದೂ ನೀವು ಹೀಗೆ, ನಾವು ಇಲ್ಲಿದ್ದು ಹೀಗೆ, ಎಂದರು. ಆ ಸಂಚಿಕೆಯ ಸಂಪಾದಕೀಯವೇ ಅದಾಯಿತು. ಹೆಂಡತಿ ವೇಣಿಗೆ ಎಲ್ಲ ಗೊತ್ತು. ಅವಳು ಬೈಯಲಿಲ್ಲ, ನಗಲೂ ಇಲ್ಲ. ಅವನು ಪೆನ್ನು ಹಿಡಿದು ಕೂತಾಗ ಸೊಪ್ಪು ಸೋಸುತ್ತ, “ಇವತ್ತು ಒಮಾನಲ್ಲಿ ಏನು ಅಡಿಗೆ?” ಎಂದು ಕೇಳುತ್ತಾಳೆ.

ತಮಾಷೆಯೆಂದರೆ ಕಾಗದಗಳು ಮೊದಲಿಗಿಂತ ಚೆನ್ನಾಗಿ ಬರತೊಡಗಿದವು. ಅಲ್ಲಿದ್ದಾಗ ಬಂಕು ಎಂಬ ಅಂತಸ್ತಿನ ಮಂಚದ ಮೇಲೆ ಮಲಗಿ, ಬಣ್ಣದ ಕ್ಯಾಲೆಂಡರು ನೋಡಿ, ಸೂರ್ಯಾಸ್ತ ಬರೆಯುತ್ತಿದ್ದ. ಹತ್ತು ಜನರ ಕೋಣೆಯಲ್ಲಿ ಒಬ್ಬನ ಮುಖವನ್ನೂ ನೆಟ್ಟಗೆ ನೋಡಿರಲಿಲ್ಲ, ನೋಡಿದರೆ ಬರೆಯಬೇಕಾಗುತ್ತದೆ. ಇಲ್ಲಿ ಬಂದ ಮೇಲೆ ಅಲ್ಲಿನದು ಎಂದು ಹೇಳಿಕೊಳ್ಳಲು ಏನಾದರೂ ಬೇಕಲ್ಲ, ಹಾಗಾಗಿ ನೋಡತೊಡಗಿದ. ತುಮಕೂರು ರಸ್ತೆಯ ಮೇಲ್ಸೇತುವೆ ಕಡಲ ಹೆದ್ದಾರಿಯಾಯಿತು. ಮಾಕಳಿಯ ಗೋದಾಮಿನ ಮುಂದೆ ಲಾರಿ ಕಾಯುತ್ತ ಕೂತ ಬಿಹಾರದ ಹಮಾಲರು ಬಂದರಿನ ಕೂಲಿಗಳಾದರು. ಮಾರ್ಚಿನಲ್ಲಿ ಬರೆದ ರೊಟ್ಟಿಯ ಕಾಗದಕ್ಕಂತೂ ಹನ್ನೊಂದು ಮೆಚ್ಚುಗೆಯ ಪತ್ರಗಳು ಬಂದವಂತೆ. ಅದರಲ್ಲಿ, ಕಾರ್ಮಿಕರ ಶಿಬಿರದಲ್ಲಿ ಅಡಿಗೆ ಮಾಡುವ ಬಲೂಚಿ ಮುದುಕನೊಬ್ಬ ರೊಟ್ಟಿ ಬೇಯಿಸುವಾಗ ಎಣಿಸುವುದಿಲ್ಲ. ಮೂರನೆಯದನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಕಿಟಕಿಯಲ್ಲಿಡುತ್ತಾನೆ. ಅದು ಹಾದಿಯಲ್ಲಿ ಇರುವವನಿಗೆ. ಯಾರು ಹಾದಿಯಲ್ಲಿದ್ದಾರೆ ಎಂದು ಅವನು ಕೇಳುವುದಿಲ್ಲ, ಯಾರಾದರೂ ಇದ್ದೇ ಇರುತ್ತಾರೆ. ಸೂಪರ್‌ವೈಸರನೂ ಹೆಲ್ಪರನೂ ಒಂದೇ ಚಾಪೆಯ ಮೇಲೆ ಕೂತು ಉಣ್ಣುತ್ತಾರೆ. ನಿಜದಲ್ಲಿ ಬಲೂಚಿ ಮುದುಕ ಇರಲಿಲ್ಲ. ಇದ್ದದ್ದು ಬಾಗಲಗುಂಟೆಯಲ್ಲಿ, ಕುಷ್ಟಗಿ ಕಡೆಯಿಂದ ಬಂದು ಬಾಡಿಗೆ ಕೋಣೆಗಳ ವಠಾರದಲ್ಲಿ ಎಂಟು ಜನರಿಗೆ ರೊಟ್ಟಿ ಬಡಿಯುವ ಹೊಳೆವ್ವ. ಫೆಬ್ರವರಿಯಲ್ಲಿ ಒಂದು ಭಾನುವಾರ ಅವಳ ಚಾಪೆಯ ಮೇಲೆ ಕೂತು ಉಂಡ ಸೂಪರ್‌ವೈಸರ್ ಭಾನುಪ್ರಕಾಶನೇ. ಕರೆದುಕೊಂಡು ಹೋಗಿದ್ದವನು ಆ ಎಂಟು ಜನರಲ್ಲಿ ಒಬ್ಬನಾದ, ಮೂರನೇ ಲೇತಿನ ಯಮನೂರ.

ಆ ಯಮನೂರನೇ ಈಗ ಎದುರಿಗೆ ಬಂದು ನಿಂತಿದ್ದ. ಇಪ್ಪತ್ತಾರರ ಆಳು, ಕತ್ತಿನಲ್ಲಿ ಕರಿ ದಾರ, ಅಂಗೈಯಲ್ಲಿ ಇನ್ನೂ ಎಣ್ಣೆ ಜಿನುಗುವ ಒಂದು ಬುಷ್. ಪ್ರತಿ ಪಾಳಿಯ ಮೊದಲ ಪೀಸನ್ನು ಭಾನುಪ್ರಕಾಶ ನೋಡಿ ಸಹಿ ಮಾಡಿದ ಮೇಲೆಯೇ ಲೇತು ಮುಂದೆ ಓಡಬೇಕು. ಮೊದಲನೆಯದು ತಪ್ಪಾದರೆ ಉಳಿದ ನಾಲ್ಕು ನೂರೂ ತಪ್ಪು.

“ಫಸ್ಟ್ ಪೀಸ್ ನೋಡ್ರಿ ಸರ. ಇದ ನನ್ನ ಲಾಸ್ಟ್ ಫಸ್ಟ್ ಪೀಸ್.”

“ಯಾಕೋ, ಏನಾಯ್ತು?”

“ಒಮಾನಿಗೆ ಹೊಂಟೀನ್ರಿ. ಇವತ್ತ ಸಂಜಿ ಐದಕ್ಕ ದಾಸರಹಳ್ಳಿ ಏಜೆಂಟನ ಹಂತೇಕ ಹೋಗಿ ಸಹಿ ಮಾಡಿ ಪಾಸ್‌ಪೋರ್ಟ್ ಕೊಟ್ಟು ಬರೂದು, ಇನ್ನ ಕೆಲಸಕ್ಕ ಬರೂದಿಲ್ರಿ. ಮೊದ್ಲ ಹೇಳಿದ್ರ ಕಣ್ಣ ಬೀಳತಾವ ಅಂದ್ಲು ಹೊಳೆವ್ವ, ಅದಕ್ಕ ಹೇಳಲಿಲ್ಲ.”

“ಇಲ್ಲೇ ಚೆನ್ನಾಗಿದ್ಯಲ್ಲೋ. ಅಲ್ಲೇನಿದೆ ಅಂತ?”

ಯಮನೂರ ನಕ್ಕ. ಕೇಳಿದ್ದು ಇಂಥವರಾ ಎಂಬಂತೆ ನಕ್ಕ. “ಸಮುದ್ರಸಾಕ್ಷಿ ಬರದಾರಲ್ರಿ. ರೊಟ್ಟಿದು. ಅಂಥಾ ಮಂದಿ ಇರೂ ಕಡೆ ಒಂದೆರಡ ವರ್ಷ ಇದ್ದು ಬರೂಣಂತ.”

ಭಾನುಪ್ರಕಾಶ ಗೇಜು ಇಡದೆಯೇ ಸಹಿ ಮಾಡಿದ. ಪೀಸು ಸರಿಯಾಗಿಯೇ ಇತ್ತು, ಯಮನೂರನ ಪೀಸು ಯಾವತ್ತೂ ಸರಿಯಾಗಿಯೇ ಇರುತ್ತದೆ. “ಪಾಳಿ ಮುಗದಮ್ಯಾಲ ಊಟಕ್ಕ ಬರ್ರಿ ಸರ, ಹೊಳೆವ್ವ ಕರದಾಳ” ಎಂದು ಹೇಳಿ ಅವನು ಲೇತಿಗೆ ಹೋದ.

ಮಾಲೀಕರು ತುಮಕೂರಿನವರು, ಪತ್ರಿಕೆಗೆ ಜಾಹೀರಾತು ಕೊಡುತ್ತಾರೆ, ಆದ್ದರಿಂದ ತಿಂಗಳಿಗೆ ಒಂದು ಪ್ರತಿ ಕ್ಯಾಂಟೀನಿಗೆ ಬರುತ್ತದೆ. ಬೇರೆಯವರು ಅದರಲ್ಲಿ ಬೋಂಡದ ಎಣ್ಣೆ ಒರೆಸಿಕೊಳ್ಳುವ ಮೊದಲೇ ಯಮನೂರ ‘ಕಡಲಾಚೆಯ ಕಾಗದ’ದ ಹಾಳೆಯನ್ನು ಎತ್ತಿಕೊಳ್ಳುತ್ತಾನೆ. ಒಂಬತ್ತರ ತಿಂಡಿಯ ಬಿಡುವಿನಲ್ಲಿ ಜೋರಾಗಿ ಓದುತ್ತಾನೆ. ಐದಾರು ಜನ ಇಡ್ಲಿ ಮುರಿಯುತ್ತ ಕೇಳುತ್ತಾರೆ. ಭಾನುಪ್ರಕಾಶ ಮೊದಲ ಸಲ ಅದನ್ನು ಕೇಳಿದಾಗ ತನ್ನ ಬೆನ್ನು ಬಿಸಿಯಾದದ್ದು ಅವನಿಗೆ ನೆನಪಿದೆ. ಭಯದಿಂದಲ್ಲ. ಹದಿನಾಲ್ಕು ವರ್ಷ ಬರೆದಿದ್ದನಲ್ಲ, ಒಬ್ಬ ಮನುಷ್ಯ ಅದನ್ನು ಬಾಯಿಬಿಟ್ಟು ಓದುವುದನ್ನು ಕೇಳಿದ್ದು ಅದೇ ಮೊದಲು. ನಾನು ಕಣ್ರೋ ಅದು, ಎಂದು ಹೇಳುವುದು ಗಂಟಲಿನವರೆಗೂ ಬಂದಿತ್ತು. ಅಷ್ಟರಲ್ಲಿ ಯಮನೂರ, “ಸರ, ನೀವೂ ಅಲ್ಲೇ ಇದ್ರಂತಲ್ಲ, ಇವ್ರನ್ನ ಕಂಡೀರೇನ್ರಿ?” ಎಂದು ಕೇಳಿದ. “ದೊಡ್ಡ ದೇಶ ಕಣೋ” ಎಂದು ಚಟ್ನಿ ಹಾಕಿಸಿಕೊಂಡಿದ್ದ. ಇವತ್ತೂ ಒಂಬತ್ತಕ್ಕೆ ಎಲ್ಲರೂ ಸೇರಿದರು, ಕೆಲವರು ಯಮನೂರನ ಬೆನ್ನು ತಟ್ಟಿದರು, ಮಗಾ ಬರುವಾಗ ಸೆಂಟು ತಗೊಂಡು ಬಾ ಎಂದರು. ಶನಿವಾರವಾದ್ದರಿಂದ ತಲೆಗೊಂದು ಬೇಯಿಸಿದ ಮೊಟ್ಟೆ. ಬಡಿಸುವವಳು ತಟ್ಟೆಯ ಮೇಲೆ ಕೈ ತಂದಾಗ ಭಾನುಪ್ರಕಾಶ ಎಂದಿನಂತೆ ಅಂಗೈ ಅಡ್ಡ ಹಿಡಿದ. ಡಾಕ್ಟರು ಬೇಡ ಎಂದಿದ್ದಾರೆ ಎಂದು ಹೇಳಿಟ್ಟಿದ್ದ. ಯಾವ ಡಾಕ್ಟರೂ ಹೇಳಿರಲಿಲ್ಲ. ಅದು ಮುತ್ತುವಿನ ವಿಷಯ, ಸೋಹಾರಿನ ಕೋಣೆಯಲ್ಲಿ ಅವನ ಕೆಳಗಿನ ಬಂಕಿನಲ್ಲಿ ಮಲಗುತ್ತಿದ್ದ ಕೃಷ್ಣಗಿರಿಯ ಮುತ್ತು. ಅವನ ಬಗ್ಗೆ ಒಂದು ಕಾಗದದಲ್ಲೂ ಬರೆದಿರಲಿಲ್ಲ, ವೇಣಿಗೂ ಹೇಳಿರಲಿಲ್ಲ.

ಬುಷ್‌ಗಳು ಒಂದೊಂದಾಗಿ ಕೈಯಿಂದ ಕೈಗೆ ದಾಟಿದವು. ಹೇಳಬೇಕು, ಇವತ್ತೇ, ಐದರೊಳಗೆ. ಹೇಳುವುದು ಏನು ಮಹಾ. ಯಮನೂರ, ನೀನು ಓದಿದ್ದು ಸುಳ್ಳು, ಬರೆದವನು ನಾನು, ಆ ರೊಟ್ಟಿ ನೀನು ದಿನಾ ತಿನ್ನುವ ರೊಟ್ಟಿ, ನೀನು ಹುಡುಕಿಕೊಂಡು ಹೊರಟಿರುವುದು ನಿನ್ನ ವಠಾರದ ಕಿಟಕಿಯನ್ನೇ. ನಾಲ್ಕು ಮಾತು. ಹೇಳಿದ ಮೇಲೆ ಕ್ಯಾಂಟೀನಿಗೆಲ್ಲ ಗೊತ್ತಾಗುತ್ತದೆ, ಮಾಲೀಕರ ಮೂಲಕ ತುಮಕೂರಿಗೆ ಗೊತ್ತಾಗುತ್ತದೆ, ರಾಮಾಂಜಿನಪ್ಪನವರು ಕಸದ ಆಟೊದ ಮೇಲೆ ಬರೆದ ಸಂಪಾದಕೀಯವನ್ನು ನೆನೆಸಿಕೊಳ್ಳುತ್ತಾರೆ. ಸಮುದ್ರಸಾಕ್ಷಿ ಸತ್ತುಹೋಗುತ್ತಾನೆ. ಉಳಿಯುವವನು ತೂತಿಗೆ ಕಡ್ಡಿ ಇಟ್ಟು ನೋಡುವವನು. ಇದಕ್ಕೂ ಒಬ್ಬ ಆಳು ಅಲ್ಲಿನ ಬಿಸಿಲಲ್ಲಿ ಬಿದ್ದು ಸಾಯುವುದಕ್ಕೂ ಹೋಲಿಕೆ ಇದೆಯೇ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡದ್ದು ನಿಜವಾದರೂ ಮನಸ್ಸು ಮತ್ತೆ ಸಂಪಾದಕೀಯದ ಕಡೆಗೇ ಹೋಯಿತು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ತನ್ನ ನಿಜವಾದ ಅಳತೆ ಗೊತ್ತಾಗುತ್ತದೆ, ಗೇಜು ಬೇಕಾಗುವುದಿಲ್ಲ.

ಎರಡು ಗಂಟೆಗೆ ಪಾಳಿ ಬಿಟ್ಟಿತು. ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ, ಕಂಬಿ ಹಿಡಿದು ನಿಂತುಕೊಂಡೇ ಭಾನುಪ್ರಕಾಶ ಅಡ್ಡದಾರಿಯಿಂದ ಶುರುಮಾಡಿದ. “ನಾನು ಹತ್ತೊಂಬತ್ತು ವರ್ಷ ಇದ್ದೆ ಕಣೋ ಅಲ್ಲಿ. ಆ ಪತ್ರಿಕೇಲಿ ಬರೋ ತರ ಏನೂ ಇಲ್ಲ. ಚಾಪೆ ಇಲ್ಲ, ಮುದುಕ ಇಲ್ಲ. ಯಾರೂ ಯಾರಿಗೂ ರೊಟ್ಟಿ ಎತ್ತಿಡಲ್ಲ.”

ಯಮನೂರ ಕೇಳಿಸಿಕೊಂಡ. ಆಮೇಲೆ, ದೊಡ್ಡವರ ಮನಸ್ಸು ನೋಯಬಾರದೆಂದು ಮೆತ್ತಗೆ, “ನಿಮಗ ಅಂಥಾವ್ರು ಸಿಗಲಿಲ್ರಿ ಸರ. ನಸೀಬ ಅಷ್ಟ” ಎಂದ. ಕಂಡಕ್ಟರು ಎಂಟನೇ ಮೈಲಿ ಎಂದು ಕೂಗಿದ. ಇಳಿದು ನಡೆಯುವಾಗ ಯಮನೂರ ಮಾತು ಮುಂದುವರಿಸಿದ, ಹೊಳೆವ್ವನಿಗೂ ಆ ಕಾಗದ ಓದಿ ಹೇಳಿದ್ದನಂತೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಅಲ್ಲೂ ನಮ್ಮಂಥವರು ಅದಾರ ಹಂಗಾರ ಎಂದಳಂತೆ. ಅಂದಳಷ್ಟೇ, ಆದರೆ ಆವತ್ತಿಡೀ ದಿನ ಖುಷಿಯಾಗಿದ್ದಳಂತೆ. ಭಾನುಪ್ರಕಾಶನಿಗೆ ಬಾಗಲಗುಂಟೆಯ ಆ ರಸ್ತೆ ಇನ್ನೂ ಸ್ವಲ್ಪ ಉದ್ದವಿರಬಾರದಿತ್ತೇ ಎನಿಸಿತು. ಇಬ್ಬದಿಗೂ ಮೂರು ಮೂರು ಅಂತಸ್ತಿನ ಕೋಣೆಗಳು, ಬಾಲ್ಕನಿ ತುಂಬ ನೀಲಿ ಸಮವಸ್ತ್ರಗಳು, ಮೆಟ್ಟಿಲ ಬುಡದಲ್ಲಿ ಒಂದೇ ಅಳತೆಯ ಸೇಫ್ಟಿ ಶೂಗಳು. ಹೋದ ಸಲ ಬಂದಾಗ ಇದೇ ಶೂಗಳ ಸಾಲನ್ನು ನೋಡಿ ಅವನು ಮಸೀದಿಯ ಮುಂದಿನ ಚಪ್ಪಲಿಗಳೆಂದು ಬರೆದಿದ್ದ.

ಹೊಳೆವ್ವ ಕೋಣೆಯ ಹೊರಗೆ, ಕಾಂಪೌಂಡಿನ ಮೂಲೆಯಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದಳು. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಜೋಳದ ಹಿಟ್ಟಿನ ಮೇಲೆ ಅವಳ ಅಂಗೈ ತಟ್ಟುವ ಸದ್ದು ಗೇಟಿನವರೆಗೂ ಕೇಳುತ್ತಿತ್ತು. “ಬರ್ರಿ ಸರ, ಭಾಳ ದಿನಾತು ಬಂದು” ಎಂದವಳೇ ಹಂಚಿನ ಮೇಲಿಂದ ಒಂದು ರೊಟ್ಟಿ ತೆಗೆದು ಬಿಳಿ ಬಟ್ಟೆಯಲ್ಲಿ ಸುತ್ತಿ, ಎದ್ದು ಹೋಗಿ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದಳು. ಮೂರನೆಯದಿರಬೇಕು. ಕೋಣೆಯೊಳಗೆ ಚಾಪೆ ಹಾಸಿದ್ದರು. ಪುಂಡಿಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಯಮನೂರನ ಪ್ಯಾಂಟು ಇಸ್ತ್ರಿಯಾಗಿ ಗೋಡೆಯ ಮೊಳೆಗೆ ತೂಗುತ್ತಿತ್ತು, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಪಾಸ್‌ಪೋರ್ಟು. ಮೂರು ಗಂಟೆ ಹತ್ತು ನಿಮಿಷ. ಭಾನುಪ್ರಕಾಶ ಮೊದಲ ತುತ್ತನ್ನು ಬಾಯಿಗೆ ಹಾಕಿಕೊಳ್ಳುವ ಬದಲು ತಟ್ಟೆಯಲ್ಲೇ ಇಟ್ಟ.

“ಯಮನೂರ, ಸಮುದ್ರಸಾಕ್ಷಿ ನಾನೇ ಕಣೋ.”

ಯಮನೂರ ಉಳ್ಳಾಗಡ್ಡಿ ಕಚ್ಚಿದ. “ಛೇ, ಚಾಷ್ಟಿ ಮಾಡಬ್ಯಾಡ್ರಿ ಸರ.”

“ನಿಜ ಹೇಳ್ತಿದೀನಿ. ಅಲ್ಲಿಂದ ಬಂದ್ಮೇಲೂ ಇಲ್ಲೇ ಕೂತು ಬರೀತಿದೀನಿ. ಆ ರೊಟ್ಟಿ ಕಾಗದ ಈ ಮನೇದೇ. ಆವತ್ತು ಬಂದಿದ್ನಲ್ಲ, ಅದನ್ನೇ ಬರ್ದಿದ್ದು.”

ಯಮನೂರ ಅವನನ್ನು ಸ್ವಲ್ಪ ಹೊತ್ತು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕರುಣೆ ಇತ್ತು, ಅದು ಸಿಟ್ಟಿಗಿಂತ ಕಷ್ಟವಾಗಿತ್ತು. “ಹಂಗಾರ ಆ ಕಾಗದದ ಕಡೀ ಮಾತು ಹೇಳ್ರಿ ನೋಡೂಣು.”

ಭಾನುಪ್ರಕಾಶ ನೆನಪು ಮಾಡಿಕೊಂಡ. ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು, ಮೂರು ಸಲ ಹೊಡೆದುಹಾಕಿ ಬರೆದ ವಾಕ್ಯ. “ಕಾಯುವವರು ಇರುವಲ್ಲಿ ಪರದೇಶವಿಲ್ಲ.”

“ಅಲ್ರಿ” ಎಂದ ಯಮನೂರ. ಎಡಗೈಯನ್ನು ತೊಡೆಯ ಮೇಲಿಟ್ಟು, ಶಾಲೆಯ ಹುಡುಗನಂತೆ ನೆಟ್ಟಗಾಗಿ, ಕಣ್ಣು ಮುಚ್ಚಿ ಹೇಳಿದ. “‘ಹಾದಿಯಲ್ಲಿರುವವನ ಹಸಿವು ಮನೆಯಲ್ಲಿರುವವರಿಗೆ ಗೊತ್ತು. ಅಷ್ಟು ಗೊತ್ತಿದ್ದರೆ ಸಾಕು.’ ಹಿಂಗೈತ್ರಿ ಅಲ್ಲಿ. ನನಗ ಪೂರಾ ಬಾಯಿಪಾಠ ಐತಿ.”

ರಾಮಾಂಜಿನಪ್ಪನವರು ಕೊನೆಯ ಸಾಲುಗಳನ್ನು ತಿದ್ದುತ್ತಾರೆ. ಭಾನುಪ್ರಕಾಶನಿಗೆ ಅದು ಗೊತ್ತು, ಆದ್ದರಿಂದಲೇ ಅಚ್ಚಾದದ್ದನ್ನು ಅವನು ಓದುವುದಿಲ್ಲ. ತಿದ್ದಿದ ಸಾಲು ತನ್ನದಕ್ಕಿಂತ ಚೆನ್ನಾಗಿದೆ ಎಂಬುದು ಕೇಳಿದ ಕೂಡಲೇ ತಿಳಿಯಿತು. ಈ ಹುಡುಗ ಮನೆ ಬಿಟ್ಟು ಹೊರಟಿರುವುದು ಬಹುಶಃ ಆ ಒಂದು ಸಾಲಿಗೆ, ಅದೂ ತನ್ನದಲ್ಲ. ಸಂಪಾದಕರು ತಿದ್ದಿದ್ದು ಎಂದು ಹೇಳಲು ಬಾಯಿ ತೆರೆದ. ಹೇಳಿದರೆ ಸಿಕ್ಕಿಬಿದ್ದ ಕಳ್ಳ ಇನ್ನೊಬ್ಬನ ಹೆಸರು ಹೇಳಿದಂತೆ ಕೇಳಿಸುತ್ತದೆ ಎನಿಸಿ ಮುಚ್ಚಿದ. ಯಮನೂರ ಅವನ ತಟ್ಟೆಗೆ ಚಟ್ನಿ ಹಾಕಿ, “ಉಣ್ರಿ ಸರ. ನಾ ಹೋಗಬಾರದಂತ ನಿಮಗ ಜೀವ ಐತಿ, ತಿಳೀತೈತಿ ನನಗ” ಎಂದ.

ಒಲೆಯ ಮುಂದೆ ತಟ್ಟುವ ಸದ್ದು ನಿಂತಿತ್ತು. ಹೊಳೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

“ಅಂವ ನಂಬಲಿಲ್ಲ, ನಾ ನಂಬತೀನಿ” ಎಂದಳು. “ಎಂಟು ವರ್ಷಾತು ನಾ ರೊಟ್ಟಿ ಎತ್ತಿಡಾಕತ್ತು. ಉಂಡು ಹೋದವ್ರು ಎಷ್ಟ ಮಂದಿ. ಅದ್ಯಾರಿಗೆ ಅಂತ ಕೇಳಿದವ ನೀ ಒಬ್ಬವ. ನಾ ಹೇಳಿದ್ದ ಮಾತ ಹಂಗ ಬಂದಿತ್ತು ಆ ಹಾಳ್ಯಾಗ. ಅಲ್ಲಿ ನನ್ನಂಥಾ ಮುದಕ ಒಬ್ಬ ಅದಾನ ಅಂತ ನಾ ಸಂತೋಷಪಟ್ಟಿದ್ದೆ. ನನ್ನ ರೊಟ್ಟೀನ ಒಯ್ದು ಯಾವ ದೇಶಕ್ಕೋ ಇಟ್ಟಿ. ಈಗ ನನ್ನ ಮನ್ಯಾಗಿನ ಹುಡುಗ ಅದರ ಬೆನ್ನಹತ್ತಿ ಹೊಂಟಾನ.” ‘ನೀವು’ ಹೋಗಿ ‘ನೀನು’ ಆದದ್ದನ್ನು ಅವನು ಗಮನಿಸಿದ. “ಹೇಳು ಅವಗ. ಅಲ್ಲಿ ಖರೇ ಹೆಂಗಿತ್ತು, ಅದನ್ನ ಹೇಳು.”

ಖರೇ ಹೆಂಗಿತ್ತು. ಹದಿನಾಲ್ಕು ವರ್ಷದಲ್ಲಿ ಯಾವ ಓದುಗನೂ ಕೇಳಿರಲಿಲ್ಲ. ಭಾನುಪ್ರಕಾಶ ತಟ್ಟೆಯ ಅಂಚನ್ನು ನೋಡುತ್ತ ಹೇಳಿದ, ಕಥೆ ಹೇಳುವ ದನಿಯಲ್ಲಲ್ಲ, ಪಾಳಿ ಬದಲಾಗುವಾಗ ಮುಂದಿನವನಿಗೆ ವರದಿ ಒಪ್ಪಿಸುವ ದನಿಯಲ್ಲಿ. ಅಡಿಗೆಯವನು ಇರಲಿಲ್ಲ. ಊಟ ಹೊರಗಿಂದ ಬರುತ್ತಿತ್ತು, ತಗಡಿನ ಹಾಳೆಯ ಡಬ್ಬಿಗಳಲ್ಲಿ, ಒಂದೊಂದರ ಮೇಲೂ ಹೆಸರು ಮತ್ತು ನಂಬರಿನ ಚೀಟಿ. ಕೆಳಗಿನ ಬಂಕಿನ ಮುತ್ತುವಿನದು ಸಾವಿರದ ನೂರ ನಲವತ್ತೇಳು. ಒಂದು ಜುಲೈಯಲ್ಲಿ ಮಧ್ಯಾಹ್ನ ಅಂಗಳದಲ್ಲಿ ಬಿದ್ದ. ಬಿಸಿಲು ಎಂದರು. ಸಂಜೆ ಆಸ್ಪತ್ರೆಯಿಂದ ಸಾವಿನ ಸುದ್ದಿ ಬಂತು, ಅವನ ಪೆಟ್ಟಿಗೆ ಬಟ್ಟೆ ಎಲ್ಲ ಕಟ್ಟಿ ಕಳಿಸಿದರು. ಊಟ ಕಳಿಸುವವರ ಪಟ್ಟಿಯಲ್ಲಿ ಹೆಸರು ಹೊಡೆದುಹಾಕುವುದನ್ನು ಯಾರೋ ಮರೆತರು. ಮಾರನೆಯ ದಿನ ಅವನ ಡಬ್ಬಿ ಬಂತು. ಅದನ್ನು ಅವನ ಬಂಕಿನ ಮೇಲಿಟ್ಟರು, ಬೆಳಿಗ್ಗೆ ಇರುವೆ ಮುತ್ತಿತ್ತು, ಎಸೆದರು. ಎರಡನೇ ದಿನವೂ ಹಾಗೇ. ಮೂರನೇ ದಿನ, ಅನ್ನದ ಮೇಲೆ ಬೇಯಿಸಿದ ಮೊಟ್ಟೆ ಇತ್ತು.

“ತಿಂದ್ರಿ?” ಎಂದ ಯಮನೂರ.

“ತಿಂದೆ. ಆಮೇಲೆ ದಿನಾ ನಾನೇ ತಿಂದೆ. ಹನ್ನೊಂದು ದಿನ ಬಂತು. ಪಟ್ಟೀಲಿ ಹೆಸರಿದೆ ತೆಗೀರಿ ಅಂತ ಯಾರೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಹನ್ನೆರಡನೇ ದಿನ ಬರ್ಲಿಲ್ಲ. ಆವತ್ತು ನಂಗೆ ಮುತ್ತು ಹೋದ ಅಂತ ಅನ್ನಿಸ್ಲಿಲ್ಲ ಕಣೋ.” ದನಿ ಎಲ್ಲಿಯೂ ಒಡೆಯಲಿಲ್ಲ, ಅದಕ್ಕಾಗಿ ಅವನಿಗೆ ನಾಚಿಕೆಯಾಯಿತು. “ಇವತ್ತು ಡಬ್ಬಿ ಬರ್ಲಿಲ್ವಲ್ಲ ಅನ್ನಿಸ್ತು. ಆ ತಿಂಗಳು ಕಾಗದ ಬರ್ದೆ. ಖರ್ಜೂರದ ಗೊನೆ ಹೆಂಗೆ ಹಣ್ಣಾಗುತ್ತೆ ಅಂತ.”

ವಠಾರದ ಮೇಲಿನ ಅಂತಸ್ತಿನಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಟ್ಟರು. ಆಮೇಲೆ ಯಮನೂರ ಕೈ ತೊಳೆದುಕೊಂಡು ಬಂದು, ನಿಂತುಕೊಂಡೇ, “ಈಗ ನಂಬತೀನ್ರಿ” ಎಂದ. “ಸಮುದ್ರಸಾಕ್ಷಿ ನೀವ. ಯಾವ ಕಾಗದಾ ತಗೀರಿ, ಅದರಾಗ ಯಾರಾರ ಉಣಕೋತ ಕುಂತಿರತಾರ. ಇವ್ರಿಗೇನಪಾ ಇಷ್ಟ ಹಸಿವಿ ಅಂತ ನಾ ಓದೂ ಮುಂದ ನಗತಿದ್ದೆ.”

ಇಷ್ಟು ವರ್ಷದಲ್ಲಿ ಅವನ ಬರವಣಿಗೆಯ ಬಗ್ಗೆ ಬಂದ ಏಕೈಕ ಸರಿಯಾದ ವಿಮರ್ಶೆ ಅದು. ಭಾನುಪ್ರಕಾಶನಿಗೆ ತನ್ನ ಮೈ ಹಗುರಾದಂತಾಯಿತು, ಗೆದ್ದೆನೆಂದು ಕೂಡ ಒಂದು ಕ್ಷಣ ಅನ್ನಿಸಿತು. “ಹಂಗಾದ್ರೆ ಹೋಗ್ಬೇಡ” ಎಂದ.

ಯಮನೂರ ಪ್ಯಾಂಟು ತೆಗೆದುಕೊಂಡು ಬಚ್ಚಲಿಗೆ ಹೋಗಿ ಹಾಕಿಕೊಂಡು ಬಂದ. ಕೂದಲಿಗೆ ನೀರು ಹಚ್ಚಿ ಬಾಚಿಕೊಂಡ. ಮೊಳೆಯಿಂದ ಪ್ಲಾಸ್ಟಿಕ್ ಚೀಲ ತೆಗೆದು ಅಂಗಿಯ ಜೇಬಿಗಿಟ್ಟ. “ಅಷ್ಟ ಕೆಟ್ಟ ಜಾಗಾ ಇದ್ರ ಹತ್ತೊಂಬತ್ತು ವರ್ಷ ಯಾಕ ಇದ್ರಿ ಸರ?”

ಕೇಳಿದ ರೀತಿಯಲ್ಲಿ ಕುಹಕವಿರಲಿಲ್ಲ. ಉತ್ತರ ಸಿಕ್ಕರೆ ಹೋಗದೆ ಇರಲು ಅವನು ತಯಾರಿದ್ದ, ಅದು ಮುಖದಲ್ಲೇ ಇತ್ತು. ಭಾನುಪ್ರಕಾಶ ಹುಡುಕಿದ. ಸಂಬಳ ಎನ್ನಬಹುದಿತ್ತು, ಅದು ಅರ್ಧ ನಿಜ. ಊರಿಗೆ ಬಂದರೆ ತಾನು ಬರೇ ಭಾನುಪ್ರಕಾಶ, ಅಲ್ಲಿದ್ದರೆ ಇಲ್ಲಿಯವರಿಗೆ ಒಮಾನಿನವನು. ದೂರದಲ್ಲಿದ್ದರೆ ಮನುಷ್ಯನಿಗೆ ಬೆಲೆ, ಅಲ್ಲಿಂದ ಬರೆದದ್ದಕ್ಕೂ ಬೆಲೆ. ಸಾಯುವವರೆಗೂ ದೂರದಲ್ಲೇ ಇದ್ದುಬಿಟ್ಟರೆ ಯಾರೂ ಗೇಜು ಇಟ್ಟು ನೋಡುವುದಿಲ್ಲ. ಇದನ್ನು ಈ ಹುಡುಗನಿಗೆ ಯಾವ ಮಾತಿನಲ್ಲಿ ಹೇಳುವುದು? ಹುಡುಕುತ್ತಿರುವಾಗಲೇ ಯಮನೂರ ಒಂದು ಶೂ ಹಾಕಿಕೊಂಡಿದ್ದ, ಇನ್ನೊಂದನ್ನೂ ಹಾಕಿಕೊಂಡ.

“ನಾ ಹೋಗಿ ನೋಡತೀನ್ರಿ. ರೊಟ್ಟಿ ಸಲುವಾಗಿ ಅಲ್ಲ ಈಗ. ಯಾಕಂತ ನಿಮಗೂ ಗೊತ್ತಿಲ್ಲಲ್ಲ, ಅದನ್ನ ನೋಡತೀನಿ.” ಬಾಗಿಲಲ್ಲಿ ನಿಂತ. “ಅಲ್ಲಿ ಕುಂತು ಓದಾಕ ನನಗ ಏನಾರ ಬೇಕಾಕ್ಕೈತಿ. ನೀವು ಇಲ್ಲಿಂದ ಬರೀರಿ. ಇಲ್ಲೀದನ್ನ ಇಲ್ಲೀದಂತನ ಬರೀರಿ. ಅವ್ವಾ, ಬರತೀನಿ.” ಬಾಗಿ ಹೊಳೆವ್ವನ ಕಾಲು ಮುಟ್ಟಿದ. ಅವಳು ಅವನ ತಲೆಯ ಮೇಲೆ ಹಿಟ್ಟಿನ ಕೈ ಇಟ್ಟಳು, ಬಾಚಿದ ಕೂದಲಿನಲ್ಲಿ ಬೆಳ್ಳಗೆ ಐದು ಬೆರಳು ಮೂಡಿದವು. ಅದನ್ನು ಒರೆಸಿಕೊಳ್ಳದೆಯೇ ಗೇಟು ದಾಟಿದ.

ಭಾನುಪ್ರಕಾಶ ಎದ್ದು ಬಾಗಿಲಿಗೆ ಓಡಿ ಬಾಯಿ ತೆರೆದ. ಹೊಳೆವ್ವ ಅವನ ಮೊಣಕೈ ಹಿಡಿದಳು. “ಹೊಂಟವನ್ನ ಹಿಂದಿನಿಂದ ಕರೀಬಾರದು. ಅಷ್ಟೂ ಗೊತ್ತಿಲ್ಲೇನು?”

ಅವನು ವಾಪಸು ಬಂದು ಚಾಪೆಯ ಮೇಲೆ ಕೂತ. ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು. ಹೊಳೆವ್ವ ಅದನ್ನು ನೋಡಿ, ತಣ್ಣಗಾಯಿತೆಂದು ತೆಗೆದು, ಬಿಸಿಯದೊಂದು ತಂದುಹಾಕಿದಳು. ಉಣ್ಣು ಎಂದು ಹೇಳಲಿಲ್ಲ. ಅವನು ಉಂಡ. ಹಸಿವಾಗಿತ್ತು, ಇಂಥ ಹೊತ್ತಿನಲ್ಲೂ ತನಗೆ ಹಸಿವಾಗುತ್ತದೆ ಎಂಬುದನ್ನು ಇನ್ನು ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ. ಉಂಡು ಮುಗಿಸುವ ಹೊತ್ತಿಗೆ ಹೊಳೆವ್ವ ಎರಡು ಕೊಡ ಎತ್ತಿಕೊಂಡಿದ್ದಳು, ಮೂಲೆಮನೆಯ ನಲ್ಲಿಗೆ ನೀರು ಬಂದಿತ್ತು. ಗೇಟಿನ ತನಕ ಹೋದವಳು ತಿರುಗಿ ನಿಂತು ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದಳು.

“ಅದು ಅವನ ರೊಟ್ಟಿ. ಇವತ್ತಿನಿಂದ ಅವಂದ. ಬೆಕ್ಕು ಬರತೈತಿ, ನಾ ಬರೂಮಟ ನೋಡಕೋತ ಕುಂದ್ರು.” ಒಂದು ಹೆಜ್ಜೆ ಇಟ್ಟು ಮತ್ತೆ ನಿಂತಳು. “ನೀ ಮುಟ್ಟಬ್ಯಾಡ.”

“ಇಲ್ಲಮ್ಮ” ಎಂದ ಭಾನುಪ್ರಕಾಶ.

ಅವಳು ಹೋದಳು. ಅವನು ಕಿಟಕಿಗೆ ಎದುರಾಗಿ ಕೂತ. ಬಿಳಿ ಬಟ್ಟೆಯ ಗಂಟು, ಅದರ ಆಚೆ ಕಬ್ಬಿಣದ ಸರಳು, ಸರಳಿನ ಆಚೆ ಒಣಗಿಹಾಕಿದ ನೀಲಿ ಅಂಗಿಗಳು. ನಾಲ್ಕು ಗಂಟೆ ಇಪ್ಪತ್ತು. ಫೋನು ಬಂತು, ರಾಮಾಂಜಿನಪ್ಪನವರು. ಈ ಸಲ ಎದ್ದು ಬಾಗಿಲು ಹಾಕಿಕೊಳ್ಳಲಿಲ್ಲ. ಬೀದಿಯಲ್ಲಿ ತರಕಾರಿಯವನು ಸೊಪ್ಪು ಸೊಪ್ಪು ಎಂದು ಕೂಗುತ್ತಿದ್ದ, ಕೂಗಲಿ ಎಂದು ಬಿಟ್ಟ.

“ಸಾರ್, ಪುಟ ಕಟ್ಟೋಕೆ ಕೂತಿದೀವಿ. ಕಾಗದ ಬರ್ಲಿಲ್ಲ. ಎಲ್ಲಿದೀರಿ?”

“ಬಾಗಲಗುಂಟೇಲಿದೀನಿ.”

ಆ ಕಡೆ ರಾಮಾಂಜಿನಪ್ಪನವರು ಜೋರಾಗಿ ನಕ್ಕರು. “ಅಯ್ಯೋ, ಅಲ್ಲೂ ಒಂದು ಬಾಗಲಗುಂಟೆ ಮಾಡ್ಕೊಂಡಿದೀರಾ ನಮ್ಮೋರು? ಭಾಳ ಚೆನ್ನಾಗಿದೆ ಸಾರ್. ಇದನ್ನೇ ಬರೀರಿ.”

“ಅಲ್ಲ ರಾಮಾಂಜಿನಪ್ಪನೋರೇ” ಎಂದು ಭಾನುಪ್ರಕಾಶ ಶುರುಮಾಡಿದ. ಅಷ್ಟರಲ್ಲಿ ಕಂದು ಬಣ್ಣದ ಒಂದು ಬೆಕ್ಕು ಕಾಂಪೌಂಡಿನ ಮೇಲಿಂದ ಹಾರಿ ಕಿಟಕಿಯ ಕಟ್ಟೆಗೆ ಬಂತು. ಅವಸರವಿಲ್ಲದೆ ಕೂತು, ಮೊದಲು ಅವನನ್ನು ನೋಡಿ ಆಮೇಲೆ ಗಂಟನ್ನು ನೋಡಿತು. “ಒಂದ್ನಿಮಿಷ ಇರಿ” ಎಂದು ಫೋನನ್ನು ಚಾಪೆಯ ಮೇಲಿಟ್ಟು ಅವನು ಎದ್ದ. ಗಂಟನ್ನು ಮುಟ್ಟದೆ, ಎರಡೂ ಕೈಯನ್ನು ಅದರ ಸುತ್ತ ಅಡ್ಡ ಹಿಡಿದು, ಬೆಕ್ಕಿಗೆ ಹೋಗು ಎಂದ. ಅದು ಹೋಗಲಿಲ್ಲ. ಹೊಳೆವ್ವ ಬರುವವರೆಗೂ ಅವನು ಹಾಗೆಯೇ ನಿಂತಿದ್ದ.